ಹೆಬಾ ಬಿಡಿಸಿ ಸೆಬಾ ಹಿಡಿಸಿದ್ದು: ನನ್ನ ಅನುಭವ

ಹೆಬಾ, ಸೆಬಾ ಎರಡೂ ಪಿಯು ಕಾಮರ್ಸ್‌ನ ಕಾಂಬಿನೇಷನ್‌ಗಳು. ಹೆಬಾ ಅಂದರೆ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ; ಸೆಬಾದಲ್ಲಿ ಹಿಸ್ಟರಿ ಬದಲು ಸ್ಟಾಟಿಸ್ಟಿಕ್ಸ್. ಈ ಸಲ ನಮ್ಮ ಪಿಯು ಕಾಲೇಜಿನಿಂದ ಹದಿನಾಲ್ಕು ಮಕ್ಕಳು ಸ್ಟಾಟಿಸ್ಟಿಕ್ಸ್ ಬರೆದರು. ಹದಿಮೂರು ಜನ ಪಾಸು, ನಾಲ್ಕೈದು ಮಕ್ಕಳಿಗೆ ತೊಂಬತ್ತರ ಮೇಲೆ. ಮೂರು ವರ್ಷದ ಹಿಂದೆ ಸ್ಟಾಫ್‌ರೂಮಿನಲ್ಲಿ, "ಲೆಕ್ಕಕ್ಕೆ ಹೆದರಿ ಕಾಮರ್ಸ್‌ಗೆ ಬಂದ ಮಕ್ಕಳ ತಲೆ ಮೇಲೆ ಮತ್ತೆ ಲೆಕ್ಕ ಹೊರಿಸ್ತೀರಲ್ಲ ಸಾರ್, ರಿಸಲ್ಟ್ ಬಿದ್ರೆ ಯಾರು ಉತ್ತರ ಕೊಡ್ತಾರೆ?" ಅಂದವರೇ ಈಗ ಅಣ್ಣನ ಮಗನಿಗೆ ಯಾವ ಕಾಂಬಿನೇಷನ್ ಕೊಡಿಸಲಿ ಅಂತ ಕೇಳುತ್ತಿದ್ದಾರೆ.

ಇದಕ್ಕೆ ಕೈ ಹಾಕಿದ್ದು ಒಂದು ತಪ್ಪಿನಿಂದ. 2022, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ವರ್ಷ. ಹೆಬಾ ಓದಿದ ಹುಡುಗಿ, ಅರ್ಥಶಾಸ್ತ್ರಕ್ಕೆ 97. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಎಕನಾಮಿಕ್ಸ್ ಅಂತ ಅಪ್ಪ ಮಗಳು ಇಬ್ಬರೂ ಆಸೆ ಇಟ್ಟುಕೊಂಡಿದ್ದರು. ಪಿಯುನಲ್ಲಿ ಅರ್ಥಶಾಸ್ತ್ರ ಓದದವರು ಅಲ್ಲಿಗೆ ಸೇರಬಹುದು, ಗಣಿತ ಓದದವರು ಸೇರುವಂತಿಲ್ಲ. ಅಷ್ಟು ವರ್ಷ ಪಾಠ ಮಾಡಿದ ನನಗೇ ಇದು ತಿಳಿದದ್ದು ಫಾರಂ ತುಂಬಲು ಕೂತಾಗ. ಆ ತಂದೆ ಒಂದು ಮಾತೂ ಆಡದೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಮರುವರ್ಷ ಇಂಜಿನಿಯರಿಂಗ್ ಬೇಡವೆನ್ನುತ್ತಿದ್ದ ಸೈನ್ಸ್ ಹುಡುಗನೊಬ್ಬ ಸಿಕ್ಕ. ಪಿಯುನಲ್ಲಿ ಗಣಿತ ಇದೆಯಲ್ಲ, ಸಾಕು ಅಂದುಕೊಂಡು ಸಿಯುಇಟಿಯಲ್ಲಿ ಗಣಿತದ ಪೇಪರನ್ನೇ ಆರಿಸಲಿಲ್ಲ. ಅವನು ಬಯಸಿದ್ದ ಅದೇ ದೆಹಲಿ ಆನರ್ಸ್‌ಗೆ ಆ ಪೇಪರ್ ಬರೆಯಲೇಬೇಕು. ಗೊತ್ತಾಗುವಷ್ಟರಲ್ಲಿ ತಿದ್ದುಪಡಿ ದಿನ ಮುಗಿದಿತ್ತು. ಫೀಸು, ಬೆಂಗಳೂರಿನ ಓಡಾಟ ಸೇರಿ ಸುಮಾರು ಮೂರೂವರೆ ಸಾವಿರ ನೀರಿಗೆ ಹೋಯಿತು. ಅರ್ಧ ನಾನೇ ಕೊಟ್ಟೆ.

ಆಮೇಲೆ ಹಿಡಿದದ್ದು ನಮ್ಮ ಫಸ್ಟ್ ಪಿಯು ಅಡ್ಮಿಷನ್ನನ್ನೇ. ಸೆಬಾ ನಮ್ಮಲ್ಲಿ ಮೊದಲಿಂದ ಇತ್ತು, ಸೇರುವವರಿರಲಿಲ್ಲ. ಮೊದಲ ವರ್ಷ ಆರು ಜನರನ್ನು ಒಪ್ಪಿಸಿದೆ, ಇಬ್ಬರು ಫೇಲು. ಒಬ್ಬರ ತಾಯಿ ಗೇಟಿನ ಹತ್ತಿರವೇ ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು. ನನ್ನ ತಪ್ಪೂ ಇತ್ತು: ನೇರವಾಗಿ ಸಿಲೆಬಸ್‌ಗೆ ಇಳಿದಿದ್ದೆ. ಎರಡನೇ ಬ್ಯಾಚಿಗೆ ಮೊದಲ ಮೂರು ವಾರ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಬಿಟ್ಟು ಬೇರೇನೂ ತೆಗೆಯಲಿಲ್ಲ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಲ್ಲಿ ಬಿಡಿಸಿದ ಮಗುವಿಗೆ ಬೇಡಿಕೆ-ಪೂರೈಕೆಯ ಸಮತೋಲನ ಆಗಲೇ ಬಂದಂತೆ.

ಉಳಿದ ಪಾಠವೆಲ್ಲ ಟೊಮ್ಯಾಟೊ ರೇಟಿನಲ್ಲೇ. ಕೋಲಾರ ಎಪಿಎಂಸಿಗೆ ಮಾಲು ಹಾಕುವ ಮನೆಗಳ ಹುಡುಗರೇ ಹೆಚ್ಚು. ಹದಿನೈದು ಕೆಜಿ ಬಾಕ್ಸಿನ ರೇಟು ದಿನಾ ಬರೆದು ತರಬೇಕು. ನೋಟ್‌ಬುಕ್ಕಿನಲ್ಲಿ ಟೊಮ್ಯಾಟೊ ರಸದ ಕಲೆ ಇದ್ದರೆ ಹುಡುಗ ನಿಜಕ್ಕೂ ಮಂಡಿಗೆ ಹೋಗಿದ್ದಾನೆ ಅಂತಲೇ ಲೆಕ್ಕ. ಬಾಕ್ಸು ಎರಡು ಸಾವಿರ ದಾಟಿದ 2023ರ ಜುಲೈ ರೇಟನ್ನು ಉಳಿದ ತಿಂಗಳುಗಳ ಜೊತೆ ಕೂಡಿಸಿ ಸರಾಸರಿ ತೆಗೆಸಿದೆ. "ಸಾರ್, ಈ ರೇಟು ನಮ್ಮಪ್ಪನಿಗೆ ಯಾವತ್ತೂ ಸಿಕ್ಕಿಲ್ಲ" ಅಂದ ಒಬ್ಬ. ಮಧ್ಯಾಂಕ (ರೇಟುಗಳನ್ನು ಕ್ರಮವಾಗಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವುದು) ಯಾಕೆ ಬೇಕು ಅಂತ ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ರೇಟಿನಲ್ಲೂ ಇದನ್ನೇ ಮಾಡಲು ಹೋದೆ, ದಿನಾ ಫೋನ್ ಮಾಡಿ ಹೇಳುವವರು ಸಿಗದೆ ಎರಡು ವಾರಕ್ಕೆ ಬಿಟ್ಟೆ.

ಸೆಬಾ ಓದಿದ ಮಾತ್ರಕ್ಕೆ ದೆಹಲಿ ಆನರ್ಸ್ ಸಿಗುವುದಿಲ್ಲ, ಅಲ್ಲಿಗೆ ಗಣಿತವೇ ಬೇಕು. ಇದನ್ನು ಅಡ್ಮಿಷನ್ ದಿನವೇ ಪೋಷಕರಿಗೆ ಹೇಳುತ್ತೇನೆ. ಆದರೆ ಡಿಗ್ರಿ, ಎಂಎಗಳಲ್ಲಿ ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರಕ್ಕೆ ಸ್ಟಾಟಿಸ್ಟಿಕ್ಸ್ ಹಚ್ಚುವ ವಿಷಯ) ಎದುರಾದಾಗ ನಮ್ಮ ಮಕ್ಕಳು ಕಂಗಾಲಾಗುವುದಿಲ್ಲ. 2022ರ ಆ ಹುಡುಗಿ ಕೋಲಾರದಲ್ಲೇ ಬಿಎ ಮಾಡುತ್ತ ಶನಿವಾರ ಬಂದು ನನ್ನ ಹತ್ತಿರ ಸ್ಟಾಟಿಸ್ಟಿಕ್ಸ್ ಕಲಿತಳು. ಈಗ ಎಂಎ, ಕಣ್ಣು ಯುಪಿಎಸ್‌ಸಿಯ ಇಂಡಿಯನ್ ಎಕನಾಮಿಕ್ ಸರ್ವಿಸ್ ಮೇಲೆ. ಅದಕ್ಕೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ಲಿಖಿತ ಪರೀಕ್ಷೆಯ 1000 ಅಂಕದಲ್ಲಿ 800 ಅರ್ಥಶಾಸ್ತ್ರದ್ದೇ.

ಖರ್ಚು ಅಂತ ದೊಡ್ಡದು ಕ್ಯಾಲ್ಕುಲೇಟರ್‌ಗಳದು. ಹತ್ತಕ್ಕೆ ಆರು ಸಾವಿರದ ಆಸುಪಾಸು, ನನ್ನ ಸಂಬಳದಿಂದ. ಒಂದು ಕಳೆದಿದೆ. ಈ ಸಲ ಹತ್ತೊಂಬತ್ತು ಜನ ಸೆಬಾ ಕೇಳಿದ್ದಾರೆ, ಇನ್ನೂ ಹತ್ತು ತರಬೇಕು.