ಬೈಕ್ ಎಂಜಿನ್ನಿನ ಕಿಟ್ ಕಾರಿಗೆ ಸ್ಪೀಡೋಮೀಟರ್: 6 ಬೋಲ್ಟ್ ಸಾಕಾಯಿತು

ಬಿಡಿಭಾಗ ತಂದು ನಾವೇ ಜೋಡಿಸುವ ಕಾರೇ ಕಿಟ್ ಕಾರು, ನನ್ನದಕ್ಕೆ ಹಾಕಿದ್ದು ಬೈಕ್ ಎಂಜಿನ್. ಬೈಕಿನ ಮೀಟರನ್ನೇ ಇಂಥ ಕಾರಿಗೆ ಹಾಕಿದರೆ ತಪ್ಪು ತೋರಿಸುತ್ತದೆ, ಅದು ಗೊತ್ತಿದ್ದದ್ದೇ. ಯಮಹಾ ಆರ್‌1ರ 16/43 ಹಲ್ಲಿನ ಚೈನ್ ಸ್ಪ್ರಾಕೆಟ್ ಜಾಗಕ್ಕೆ ಫೋರ್ಡ್ ಸಿಯೆರಾ ಕಾರಿನ 3.62 ಅನುಪಾತದ ಡಿಫ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್), 17 ಇಂಚಿನ ಚಕ್ರದ ಜಾಗಕ್ಕೆ 185/60 ಆರ್13 ಟೈರ್ ಬಂದರೆ ತೋರಿಸುವ ವೇಗ ನಿಜ ವೇಗದ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಗಂಟೆಗೆ 70 ಮೈಲಿಗೆ 105 ತೋರಿಸುತ್ತದೆ. ಸಿಗ್ನಲ್ ಸರಿಪಡಿಸುವ ಎಲೆಕ್ಟ್ರಾನಿಕ್ ಡಬ್ಬಿಗೆ 80 ಪೌಂಡ್ ಆಸುಪಾಸು. ಆದರೆ ನಾನು ಕೊಂಡದ್ದು ಬರೀ ಎಂಜಿನ್, ಮೀಟರ್ ಇರಲೇ ಇಲ್ಲ. ಹಾಗಾಗಿ ಬೇರೆ ಮೀಟರ್, ಅದಕ್ಕೆ ಸುತ್ತು ಎಣಿಸುವ ಸೆನ್ಸರ್ ಬೇಕಾಯಿತು.

ಜಿಪಿಎಸ್ ಮೀಟರ್ ಹಾಕು ಎಂದವರೇ ಎಲ್ಲ. ಆದರೆ ಬ್ರಿಟನ್ನಿನ ಐವಿಎ ಪರೀಕ್ಷೆಯಲ್ಲಿ (ಇಂಥ ಕಾರನ್ನು ರಸ್ತೆಗೆ ಬಿಡುವ ಮುನ್ನ ಮಾಡುವ ತಪಾಸಣೆ) ಕಾರು ರೋಲರ್ ಮೇಲೆ ನಿಂತಲ್ಲೇ ಓಡುತ್ತದೆ. ಜಿಪಿಎಸ್ ಸೊನ್ನೆಯಲ್ಲೇ ಕೂತಿರುತ್ತದೆ. ಮುಂದಿನ ಚಕ್ರಕ್ಕೆ ಸೆನ್ಸರ್ ಹಾಕಿದರೂ ಅದೇ ಪಾಡು, ರೋಲರ್ ಇರುವುದು ಹಿಂದಿನ ಚಕ್ರಕ್ಕೆ.

ಮೊದಲು ಪ್ರಾಪ್‌ಶಾಫ್ಟಿಗೆ (ಎಂಜಿನ್ ಕಡೆಯಿಂದ ಡಿಫ್‌ಗೆ ಹೋಗುವ ದಂಡ) ಸುತ್ತು ಎಣಿಸಲು ಅಯಸ್ಕಾಂತ ಅಂಟಿಸಿದೆ. ಎರಡನೇ ದಿನವೇ ಹಾರಿಹೋಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಡಿಫ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಡ್ರೈವ್‌ಶಾಫ್ಟಿನ ಸಿವಿ ಜಾಯಿಂಟಿನ (ಬಾಗಿದರೂ ತಿರುಗುವ ಕೀಲು) 6 ಬೋಲ್ಟ್ ತಲೆ. ಅವನ್ನು ಎಣಿಸಲು 12 ಎಂಎಂ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಆನ್ ಆಗುವಂಥದ್ದು), ಎನ್‌ಪಿಎನ್ (ಆನ್ ಆದಾಗ ಸಿಗ್ನಲ್ ವೈರನ್ನು ಅರ್ತ್‌ಗೆ ಜೋಡಿಸುವ ಬಗೆ), 4 ಎಂಎಂ ದೂರದ ತನಕ ಹಿಡಿಯುವುದು, 6 ಪೌಂಡ್ ಇರಬೇಕು. ಬೋಲ್ಟಿನಲ್ಲಿ ಎಣಿಕೆ ಸರಿಬರಲ್ಲ ಅಂದರು. ಬರುತ್ತದೆ, ಆದರೆ ಅಂತರ ಸರಿಯಿರಬೇಕು.

ಈ ಸೆನ್ಸರ್ ಫ್ಲಶ್ ಜಾತಿಯದ್ದಲ್ಲ, ಅಂದರೆ ಮೂತಿಯನ್ನು ಲೋಹದೊಳಗೆ ಹುದುಗಿಸುವಂತಿಲ್ಲ. ಮೂತಿಯ ಸುತ್ತ ಬ್ರಾಕೆಟ್ಟಿನ ಲೋಹ ಇದ್ದರೆ ಸದಾ ಆನ್ ಆಗಿಯೇ ಇರುತ್ತದೆ. ಬ್ರಾಕೆಟ್ ಡಿಫ್ ಕೇಸಿಂಗಿಗೇ ಕೂರಬೇಕು. ಚಾಸಿಗೆ ಹಾಕಿದ್ದಾಗ ಡಿಫ್ ಕೂರಿಸಿದ ಬುಶ್ ಅಲುಗಿದಂತೆ ಅಂತರ ಬದಲಾಗುತ್ತಿತ್ತು. 2 ಎಂಎಂ ಬಿಟ್ಟೆ. 60ರಲ್ಲಿ ಓಡುವಾಗ ಸರಿಯಾಗಿ 50 ತೋರಿಸಿದರೆ ಒಂದು ಬೋಲ್ಟ್ ತಲೆ ತಗ್ಗಿದೆ ಎಂದರ್ಥ. ನನಗೆ ಹಾಗೇ ಆಯಿತು, ಅಡಿಗೆ ತೆಳು ವಾಶರ್ ಕೊಟ್ಟೆ. ಬ್ರಾಕೆಟ್ಟಿನ ಆಕಾರ ಮಾತ್ರ ನನ್ನಲ್ಲೇ ಇರಲಿ, ಅದಕ್ಕೆ ಮೂರು ವಾರ ಹೋಗಿದೆ.

ವೈರಿಂಗಿನಲ್ಲಿ ಇನ್ನೊಂದು ಕಾಟ. ನಿಂತ ಕಾರಿನಲ್ಲಿ 5,000 ಆರ್‌ಪಿಎಂ ಕೊಟ್ಟರೆ ಮೀಟರ್ 20 ಮೈಲಿ ತೋರಿಸುತ್ತಿತ್ತು! ಇಗ್ನಿಷನ್ ಕಾಯಿಲ್ ವೈರಿನ ಪಕ್ಕದಲ್ಲೇ ಸಿಗ್ನಲ್ ವೈರ್ ಎಳೆದಿದ್ದೆ. ಪ್ರಾಪ್‌ಶಾಫ್ಟ್ ಹಾದುಹೋಗುವ ಟನೆಲ್ಲಿನ ಆಚೆ ಬದಿಗೆ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಮೀಟರ್ ಕಡೆ ಮಾತ್ರ ಅರ್ತ್ ಮಾಡಿ, ಸಿಗ್ನಲ್‌ಗೂ 12 ವೋಲ್ಟ್‌ಗೂ ನಡುವೆ 1 ಕಿಲೋಓಮ್ ರೆಸಿಸ್ಟರ್ ಕೊಟ್ಟ ಮೇಲೆ ತೆಪ್ಪಗಾಯಿತು.

ಟೈರಿನ ಪಕ್ಕದ ಗೋಡೆಯಲ್ಲಿ ಬರೆದ ಅಳತೆ ನಂಬಬೇಡಿ. ಲೆಕ್ಕದಲ್ಲಿ ಸುತ್ತಳತೆ 1.73 ಮೀಟರ್. ಸೀಟಲ್ಲಿ ಆಳು ಕೂರಿಸಿ, 18 ಪಿಎಸ್‌ಐ ಗಾಳಿಯಲ್ಲಿ ಸುಣ್ಣದ ಗುರುತು ಹಾಕಿ 10 ಸುತ್ತು ಉರುಳಿಸಿದರೆ ಸಿಕ್ಕಿದ್ದು 1.69. ಮೈಲಿಗೆ 952 ಸುತ್ತು, 6ರಿಂದ ಗುಣಿಸಿದರೆ ಸುಮಾರು 5,710 ಪಲ್ಸ್ (ಬೋಲ್ಟಿಗೊಂದು ಎಣಿಕೆ). ಐವಿಎಯಲ್ಲಿ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಜಾಸ್ತಿ ತೋರಿಸಲು 10% ಮತ್ತು ಅದರ ಮೇಲೆ 6.25 ಮೈಲಿ ತನಕ ಅವಕಾಶ. ತುಂಬುವ ಪಲ್ಸ್ ಅಂಕಿ ಕಡಿಮೆಯಾದಷ್ಟೂ ಮೀಟರ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ಮೀಟರಿಗೆ 5,550 ತುಂಬಿದೆ. ಫೋನಿನ ಜಿಪಿಎಸ್ 70 ಅಂದಾಗ ಮೀಟರಿನಲ್ಲಿ 72. ಮೀಟರ್ ಬಿಟ್ಟು ಒಟ್ಟು ಖರ್ಚು 15 ಪೌಂಡ್ ದಾಟಿಲ್ಲ.

ಪ್ರಾಪ್‌ಶಾಫ್ಟ್ ಫ್ಲ್ಯಾಂಜಿನ 4 ಬೋಲ್ಟಿನಲ್ಲೂ ಮಾಡಿ ನೋಡಿದೆ. ಮೈಲಿಗೆ ಸುಮಾರು 13,800 ಪಲ್ಸ್ ಬರುತ್ತದೆ, ನಿಧಾನ ಓಡುವಾಗ ಅಂಕಿ ಇನ್ನೂ ಸ್ಥಿರ. ಆದರೆ ಅಲ್ಲಿ ಕೈ ಹೋಗಲು ಜಾಗವಿಲ್ಲ, ಬಿಚ್ಚಿ ಹಳೆಯ ಜಾಗಕ್ಕೇ ತಂದೆ.