ಐಸೊಲೇಟರ್ ಹ್ಯಾಂಡಲ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು

ವಿಜಯಪುರದ ಹತ್ತಿರದ 110 ಕೆವಿ ವಿದ್ಯುತ್ ಸಬ್‌ಸ್ಟೇಷನ್ನು. ಐಸೊಲೇಟರ್, ಅಂದರೆ ಲೈನನ್ನು ಬೇರ್ಪಡಿಸುವ ದೊಡ್ಡ ಸ್ವಿಚ್ಚು, ಓಪನ್ ಮಾಡುವಾಗ ಆಪರೇಟರ್ ಹುಡುಗ "ಸರ್, ಕೈ ಜುಮ್ ಅಂತೈತ್ರಿ" ಅಂದ. ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತಗೊಂಡು, ಲೈನನ್ನು ನೆಲಕ್ಕೆ ಕೂಡಿಸುವ ಅರ್ಥಿಂಗ್ ರಾಡ್ ಹಾಕಿ ನೋಡಿದೆವು. ಹ್ಯಾಂಡಲ್ ಜೊತೆ ತಿರುಗುವ ಪೈಪಿನಿಂದ ಸ್ಟ್ರಕ್ಚರಿಗೆ ಹೋಗಿ ಅದನ್ನು ಅರ್ಥ್ ಮಾಡುವ ಹೆಣೆದ ತಾಮ್ರದ ಪಟ್ಟಿಯಲ್ಲಿ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು, ಅವೂ ಹಸಿರುಗಟ್ಟಿದ್ದವು. ಪಟ್ಟಿ ಬದಲಿಸಿ, ಬಣ್ಣ ಕೆರೆದು, ಬೋಲ್ಟ್ ಬಿಗಿದೆವು.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಲೈನಿನ ಕರೆಂಟ್ ನೆಲಕ್ಕೆ ಹರಿಯುವಂಥ ಫಾಲ್ಟ್ ಆದ ಕ್ಷಣ ಹ್ಯಾಂಡಲ್ಲಿಗೂ ಕಾಲಡಿಯ ನೆಲಕ್ಕೂ ಜೀವ ತೆಗೆಯುವಷ್ಟು ವೋಲ್ಟೇಜ್ ವ್ಯತ್ಯಾಸ ಬರಬಹುದು. ರಬ್ಬರ್ ಗ್ಲೌಸ್ ಒಂದನ್ನೇ ನಂಬಬಾರದು. ಆಪರೇಟರ್ ನಿಲ್ಲುವಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಳಿಗೆ ಹಾಸಿ, ಅದನ್ನು ಹ್ಯಾಂಡಲ್ಲಿಗೂ ನೆಲದೊಳಗೆ ಹೂತಿರುವ ಅರ್ಥ್ ಗ್ರಿಡ್ಡಿಗೂ ಕೂಡಿಸಿದೆವು. ಕೈ ಕಾಲು ಎರಡೂ ಒಂದೇ ವೋಲ್ಟೇಜಿನಲ್ಲಿದ್ದರೆ ಮೈಯೊಳಗೆ ಕರೆಂಟ್ ಹರಿಯುವುದಿಲ್ಲ. ಕಾಲಿಗೂ ನೆಲಕ್ಕೂ ನಡುವೆ ಕರೆಂಟಿಗೆ ತಡೆಯೊಡ್ಡುವ ಜಲ್ಲಿ ಎರೆಮಣ್ಣಿನಲ್ಲಿ ಹೂತುಹೋಗಿತ್ತು, ಅದನ್ನೂ ಹೊಸದಾಗಿ ಹಾಕಿಸಿದೆ.

ಮರುದಿನ ಹ್ಯಾಂಡಲ್ ಹಿಡಿದ ಹುಡುಗ, "ಈಗ ಏನೂ ಇಲ್ರಿ ಸರ್" ಅಂದ.