ಚಾಕೊಲೇಟ್ ಪ್ರಿಯರ ಪ್ರವಾಸ: ಪ್ಲಾನ್ ಮಾಡುವುದು ಹೀಗೆ

ಬೆಲ್ಜಿಯಂ ಚಾಕೊಲೇಟ್ ಡಬ್ಬಿ ಈಗ ದೊಡ್ಡ ವಿಮಾನ ನಿಲ್ದಾಣಗಳಲ್ಲೆಲ್ಲ ಸಿಗುತ್ತದೆ. ಹಾಗಿರುವಾಗ ಅದಕ್ಕೋಸ್ಕರ ಬ್ರಸೆಲ್ಸ್‌ವರೆಗೆ ಹೋಗಬೇಕಾ? ಬರೀ ಡಬ್ಬಿ ತರಲು ಬೇಡ. ಅಲ್ಲೇ ನಿಂತು ತಿಂದರೆ ಮಾತ್ರ ರುಚಿಸುವ ಸಿಹಿ ಇರುತ್ತದಲ್ಲ, ಅದಕ್ಕಾಗಿ ಖಂಡಿತ ಹೋಗಿ.

ಮೊದಲು ನಿಮ್ಮ ನಾಲಿಗೆ ಏನು ಕೇಳುತ್ತದೆ ಅಂತ ನೋಡಿಕೊಳ್ಳಿ. ಹಾಲು ಜಾಸ್ತಿ ಇರುವ, ನುಣ್ಣಗಿನ ಚಾಕೊಲೇಟ್ ಇಷ್ಟವಾದರೆ ಸ್ವಿಟ್ಜರ್ಲೆಂಡ್. ಡ್ಯಾನಿಯಲ್ ಪೀಟರ್ 1875ರಲ್ಲಿ ಹಾಲಿನ ಚಾಕೊಲೇಟ್ ಮಾಡಿದ್ದು ಅಲ್ಲಿನ ವೆವೆ ಊರಿನಲ್ಲಿ. ಒಳಗೆ ಹೂರಣ ತುಂಬಿದ ಪ್ರಾಲೀನ್ ಇಷ್ಟವಾದರೆ ಬ್ರಸೆಲ್ಸ್. 1857ರಲ್ಲಿ ಔಷಧಿ ಅಂಗಡಿಯಾಗಿ ಶುರುವಾದ ನೊಯ್‌ಹೌಸ್ ಮನೆತನದ ಅಂಗಡಿಯಲ್ಲೇ 1912ರಲ್ಲಿ ಅದು ಹುಟ್ಟಿತು. ಕೇಕ್ ಬೇಕೆಂದರೆ ವಿಯೆನ್ನಾ. ಅಲ್ಲಿನ ಸಾಖರ್ ಟಾರ್ಟೆಯೊಳಗೆ ಏಪ್ರಿಕಾಟ್ ಜಾಮ್ ಇರುತ್ತದೆ, ಪಕ್ಕದಲ್ಲಿ ಸಕ್ಕರೆ ಹಾಕದ ಕ್ರೀಮ್. ಆ ಕ್ರೀಮ್ ಬಿಡಬೇಡಿ, ಕೇಕಿನ ಸಿಹಿಗೆ ಅದು ಬೇಕೇ ಬೇಕು. ಚಾಕೊಲೇಟೇ ಆಗಬೇಕೆಂದಿಲ್ಲ ಅನ್ನುವವರು ಲಿಸ್ಬನ್‌ನ ಬೆಲೆಂಗೆ ಹೋಗಿ. 1837ರಿಂದ ಅಲ್ಲಿ ಕಸ್ಟರ್ಡ್ ಟಾರ್ಟ್ ಮಾರುತ್ತಿದ್ದಾರೆ. ಬಿಸಿಯಿದ್ದಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಿ. ಸಂಜೆಯ ಹೊತ್ತಿಗೆ ಅದರ ಗರಿಗರಿ ಉಳಿಯುವುದಿಲ್ಲ.

ಆಮೇಲೆ ಒಂದೇ ಊರು ಆರಿಸಿಕೊಳ್ಳಿ. ಐದು ದಿನದಲ್ಲಿ ನಾಲ್ಕು ದೇಶ ಸುತ್ತಿದರೆ ರೈಲಿನಲ್ಲೇ ಕೂತಿರಬೇಕಾಗುತ್ತದೆ. ನನ್ನನ್ನು ಕೇಳಿದರೆ ಇಟಲಿಯ ಟ್ಯೂರಿನ್. ನೆಪೋಲಿಯನ್ ಕಾಲದಲ್ಲಿ ಕೋಕೋ ಸಿಗುವುದು ಕಷ್ಟವಾದಾಗ ಅಲ್ಲಿನವರು ಸುತ್ತಮುತ್ತ ಬೆಳೆಯುವ ಹೇಝಲ್‌ನಟ್ ಅರೆದು ಸೇರಿಸಿದರು. ಜಂದೂಯಾ ಎಂಬ ಹೇಝಲ್‌ನಟ್ ಚಾಕೊಲೇಟ್ ಬಂದದ್ದು ಹಾಗೆ. ಅಲ್ಲಿಯ ಇನ್ನೊಂದು ವಿಶೇಷ ಬಿಚೆರಿನ್. ಚಿಕ್ಕ ಗಾಜಿನ ಲೋಟದಲ್ಲಿ ಬಿಸಿ ಚಾಕೊಲೇಟ್, ಕಾಫಿ, ಮೇಲೆ ತಣ್ಣನೆಯ ಕ್ರೀಮ್. ಚಮಚ ಹಾಕಿ ಕಲಕಬೇಡಿ. ಹಾಗೇ ಲೋಟ ಎತ್ತಿ ಕುಡಿಯಿರಿ. ತುಟಿಗೆ ಮೊದಲು ತಂಪು, ಅದರ ಹಿಂದೆಯೇ ಬಿಸಿ, ಕಹಿ, ಸಿಹಿ ಒಟ್ಟಿಗೆ ಬರುತ್ತವೆ. ಇದನ್ನು ಯಾವ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತೀರಿ?

ಯುರೋಪಿಗೆ ಹೋಗುವುದಾದರೆ ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯ ಸಮಯ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಾಯಲ್ಲಿ ಇಟ್ಟ ಕೂಡಲೇ ಕರಗುವುದು ಅದಕ್ಕೇ. ಬೇಸಿಗೆಯ ಬಿಸಿಲಲ್ಲಿ ಚೀಲದಲ್ಲೂ ಅದೇ ಕತೆ. ಆಗಸ್ಟ್‌ನಲ್ಲಿ ಇಟಲಿಯ ಎಷ್ಟೋ ಸಣ್ಣ ಅಂಗಡಿಗಳು ರಜೆಗೆ ಬಾಗಿಲು ಹಾಕಿರುತ್ತವೆ.

ಊರು ತಲುಪಿದ ಮೇಲೆ ದಿನಕ್ಕೆ ಮೂರು ಅಂಗಡಿ ಸಾಕು. ಬೆಳಿಗ್ಗೆ ನಾಲಿಗೆ ಚುರುಕಾಗಿರುವಾಗ ಶುರು ಮಾಡಿ. ಮೊದಲು ಕಪ್ಪು ಚಾಕೊಲೇಟ್, ಆಮೇಲೆ ಹಾಲಿನದು, ಕೊನೆಗೆ ಹೂರಣದ್ದು. ನಡುನಡುವೆ ಒಂದು ಗುಟುಕು ನೀರು. ಡಬ್ಬಿ ಕೊಳ್ಳುವ ಬದಲು ಬಿಡಿಯಾಗಿ ಎರಡೆರಡು ತುಂಡು ಕೇಳಿ. "ಇಲ್ಲೇ ಮಾಡ್ತೀರಾ?" ಅಂತಲೂ ಕೇಳಿ. ಎಲ್ಲಿಂದಲೋ ತರಿಸಿ ಮಾರುವ ಅಂಗಡಿಗಳೂ ಇವೆ.

ವಾಪಸ್ ತರುವಾಗ ಕ್ರೀಮ್ ಇರುವ ಪ್ರಾಲೀನ್ ಎಷ್ಟು ದಿನ ಬಾಳುತ್ತದೆ ಎಂದು ವಿಚಾರಿಸಿ, ಕೊನೆಯ ದಿನವೇ ಕೊಳ್ಳಿ. ಅದು ಕೈಚೀಲದಲ್ಲಿರಲಿ. ಬಾಟಲಿಯ ಜಂದೂಯಾ ಪೇಸ್ಟ್ ಮಾತ್ರ ಚೆಕ್-ಇನ್ ಲಗೇಜಿಗೆ, ತಪಾಸಣೆಯಲ್ಲಿ ಅದನ್ನು ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ. ಚಾಕೊಲೇಟ್ ಮೇಲೆ ಬಿಳಿ ಪೊರೆ ಕಂಡರೆ ಗಾಬರಿಯಾಗಿ ಎಸೆಯಬೇಡಿ. ಸಾಮಾನ್ಯವಾಗಿ ಅದು ಕರಗಿ ಮತ್ತೆ ಗಟ್ಟಿಯಾದ ಕೋಕೋ ಬೆಣ್ಣೆ, ತಿನ್ನಬಹುದು.

ಇನ್ನೂ ದೂರ ಹೋಗುವ ಮನಸ್ಸಿದ್ದರೆ ಮೆಕ್ಸಿಕೊದ ವಹಾಕಾ ಇದೆ. ಅಲ್ಲಿನ ಗಿರಣಿಗಳಲ್ಲಿ ಹುರಿದ ಕೋಕೋ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆಯನ್ನು ನೀವು ಹೇಳಿದ ಅಳತೆಯಲ್ಲೇ ಬೀಸಿಕೊಡುತ್ತಾರೆ. ಬಿಸಿಬಿಸಿ ಮುದ್ದೆ ಹೊರಗೆ ಬರುವಾಗ ಬೀದಿಯೆಲ್ಲ ಘಮಘಮ. ಒಣಗಿಸಿ ಬಿಲ್ಲೆ ಮಾಡಿದರೆ ಪ್ರಯಾಣಕ್ಕೂ ತಡೆಯುತ್ತದೆ. ಮನೆಯಲ್ಲಿ ಬಿಸಿನೀರಿಗೋ ಹಾಲಿಗೋ ಹಾಕಿ ಕಡೆಯಬೇಕು. ಅದಕ್ಕೆಂದೇ ಇರುವ ಮರದ ಕಡಗೋಲು ಅಲ್ಲೇ ಸಿಗುತ್ತದೆ. ಅದನ್ನೂ ಒಂದು ತನ್ನಿ. ಎರಡು ಅಂಗೈ ನಡುವೆ ಹಿಡಿದು ತಿರುಗಿಸಿದರೆ ನೊರೆ ಲೋಟದ ಅಂಚಿನವರೆಗೆ ಏರಿ ಬರುತ್ತದೆ.